ಬೆಟ್ಟದ ಬುಡದಲ್ಲಿ ಒಂದು ರಾತ್ರಿ: ಛತ್ರದಿಂದ ಲಾಡ್ಜಿನವರೆಗೆ

ಮಧುಗಿರಿಯ ಬಸ್ ನಿಲ್ದಾಣದಲ್ಲಿ ಹೊತ್ತು ಮುಳುಗುವ ಸಮಯಕ್ಕೆ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಊರಲ್ಲ, ಬೆಟ್ಟ. ಅಂಗಡಿ ಸಾಲು, ಆಟೋಗಳು, ಕಡಲೆಕಾಯಿ ಮಾರುವವರ ತಳ್ಳುಗಾಡಿ, ಇವೆಲ್ಲದರ ಹಿಂದೆ ಒಂದೇ ಕಲ್ಲಿನ ಗೋಡೆಯಂತೆ ಎದ್ದು ನಿಂತ ಏಕಶಿಲಾ ಬೆಟ್ಟ ಅರ್ಧ ಆಕಾಶವನ್ನೇ ಮುಚ್ಚಿರುತ್ತದೆ. ಕತ್ತಲಾದ ಮೇಲೆ ಬೆಟ್ಟ ಹತ್ತುವಂತಿಲ್ಲ. ಬೆಳಗಿನ ತಂಪಿನಲ್ಲಿ ಹತ್ತಬೇಕೆಂದರೆ ರಾತ್ರಿ ಎಲ್ಲಾದರೂ ತಲೆ ಊರಬೇಕು. ಹೀಗೆ ಬಂದವರು ಹುಡುಕುವುದು ಪೇಟೆಯ ಸಣ್ಣ ಲಾಡ್ಜನ್ನು.

ಇಂಥ ಲಾಡ್ಜುಗಳು ನಾಡಿನ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ. ಕೆಳಗೆ ಅಂಗಡಿ ಅಥವಾ ಹೋಟೆಲು, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ದೇವರ ಪಟ ತೂಗುಹಾಕಿದ ಪುಟ್ಟ ಕೌಂಟರು. ಬೀಗದ ಕೈಗೆ ಕಟ್ಟಿದ ದಪ್ಪ ಬಿಲ್ಲೆ. ಬೆಳಿಗ್ಗೆ ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿನವರೆಗೆ ಮಾತ್ರ ಬಿಸಿನೀರು ಎಂಬ ಸೂಚನೆ. ಕೊಠಡಿ ಸಿಗುವ ಮೊದಲು ಉದ್ದನೆಯ ರಿಜಿಸ್ಟರಿನಲ್ಲಿ ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕೆಲಸವೇನು ಎಂಬ ಕಾಲಂಗಳನ್ನು ತುಂಬಬೇಕು. ಹೆಚ್ಚಿನವರು 'ಸ್ವಂತ ಕೆಲಸ' ಎಂದು ಬರೆದು ಮೇಲೆ ಹೋಗುತ್ತಾರೆ.

ಈ ರಿಜಿಸ್ಟರಿನ ಪ್ರಶ್ನೆಗಳು ಇಂದು ನೆನ್ನೆಯವಲ್ಲ. ನೀನು ಯಾರು, ಎಲ್ಲಿಯವನು, ಏಕೆ ಬಂದೆ ಎಂಬ ಪ್ರಶ್ನೆಗಳನ್ನು ಊರಿನ ಬಾಗಿಲು ಪರದೇಶಿಗೆ ಎಂದಿನಿಂದಲೂ ಕೇಳುತ್ತಲೇ ಬಂದಿದೆ. ಉತ್ತರ ಸರಿಯೆನಿಸಿದವನಿಗೆ ಚಾಪೆ ಸಿಕ್ಕಿತು. ಸರಿಯೆನಿಸದವನು ಮರದ ಕೆಳಗೆ ಮಲಗಿದ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಬೆಟ್ಟದ ಸೀಮೆಯಲ್ಲಿ ದಾರಿಹೋಕರು ಎಲ್ಲಿ ತಂಗುತ್ತಿದ್ದರು ಎಂದು ಹುಡುಕಹೊರಟರೆ, ಕೋಟೆ ಕೊತ್ತಲಗಳ ಇತಿಹಾಸದಲ್ಲಿ ಕಾಣದ ಇನ್ನೊಂದು ಇತಿಹಾಸ ಸಿಗುತ್ತದೆ.

ಕೋಟೆಯೊಳಗಿನ ಒಲ್ಲದ ಅತಿಥಿ

ಮೊದಲು ಬೆಟ್ಟದ ಕಥೆ. ಸಮುದ್ರ ಮಟ್ಟದಿಂದ 3,900 ಅಡಿಗೂ ಹೆಚ್ಚು ಎತ್ತರವಿರುವ ಈ ಬಂಡೆ ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಹೆಸರಾಗಿದೆ. ಹಳೆಯ ಕಾಗದಪತ್ರಗಳಲ್ಲಿ ಊರಿನ ಹೆಸರು ಮದ್ದಗಿರಿ. ಇಲ್ಲಿ ಮೊದಲು ಕೋಟೆ ಕಟ್ಟಿದವರು ಸ್ಥಳೀಯ ಪಾಳೆಯಗಾರರಾದ ಗೌಡ ಮನೆತನದವರು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅದು ಮೈಸೂರಿನ ವಶವಾಯಿತು. ಮುಂದೆ ಹೈದರ್ ಅಲಿ ಅದನ್ನು ವಿಸ್ತರಿಸಿ ಕಲ್ಲಿನಲ್ಲಿ ಭದ್ರಪಡಿಸಿದ. ಇಂದು ಬೆಟ್ಟ ಹತ್ತುವವರು ದಾಟುವ ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲುಗಳು ಆ ಕಾಲದ ಗುರುತುಗಳು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಾಲಯವಿದೆ. ದಾರಿಯುದ್ದಕ್ಕೂ ಮಳೆನೀರು ನಿಲ್ಲುವ ದೊಣೆಗಳೂ ಧಾನ್ಯ ತುಂಬಿಡುತ್ತಿದ್ದ ಕಣಜಗಳೂ ಇವೆ. ತಿಂಗಳುಗಟ್ಟಲೆ ಮುತ್ತಿಗೆ ಬಿದ್ದರೂ ಮೇಲಿರುವವರು ಬದುಕಲು ಮಾಡಿಕೊಂಡ ಏರ್ಪಾಡು ಅದು.

ಈ ಬೆಟ್ಟದ ಮೇಲೆ ತಂಗಿದವರಲ್ಲಿ ಅತ್ಯಂತ ಪ್ರಸಿದ್ಧರಾದವರು ತಾವಾಗಿ ಬಂದವರಲ್ಲ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ವಶಪಡಿಸಿಕೊಂಡಾಗ ಕೆಳದಿ ಸಂಸ್ಥಾನ ಕೊನೆಗೊಂಡಿತು. ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತು ಮಗನನ್ನೂ ಸೆರೆಹಿಡಿದು ಮಲೆನಾಡಿನ ಮಳೆಯ ಊರಿನಿಂದ ಈ ಬಯಲುಸೀಮೆಯ ಬೆಟ್ಟಕ್ಕೆ ತಂದಿರಿಸಲಾಯಿತು. ನಾಲ್ಕು ವರ್ಷ ಆಕೆಯ ವಾಸ ಇಲ್ಲೇ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಶಿರಾವನ್ನೂ ಮಧುಗಿರಿಯನ್ನೂ ಗೆದ್ದಾಗ ರಾಣಿಗೆ ಬಿಡುಗಡೆಯಾಯಿತು. ಆದರೆ ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು.

ಅಡಕೆ ತೋಟಗಳ ನಡುವೆ, ವರ್ಷದ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ ಬಾಳಿದವಳು ನೆರಳಿಲ್ಲದ ಬಂಡೆಯ ಮೇಲೆ ನಾಲ್ಕು ಬೇಸಿಗೆ ಕಳೆದಳೆಂದರೆ, ಆ ಕೋಟೆಯ ಗೋಡೆಗಳು ಹೊರಗಿನವರನ್ನು ತಡೆಯಲು ಮಾತ್ರ ಇರಲಿಲ್ಲ ಎಂಬುದು ತಿಳಿಯುತ್ತದೆ. ಬೆಟ್ಟದ ಮೇಲಿನ ವಸತಿ ಅರಸರದು, ಸೈನಿಕರದು, ಸೆರೆಯಾಳುಗಳದು. ದಾರಿಹೋಕನ ವಸತಿ ಯಾವಾಗಲೂ ಬೆಟ್ಟದ ಬುಡದಲ್ಲಿ, ಪೇಟೆಯಲ್ಲಿ ಅಥವಾ ರಸ್ತೆಯ ಬದಿಯಲ್ಲಿ.

ಒಂದು ದಿನದ ದಾರಿ

ಬಸ್ಸು ರೈಲುಗಳಿಲ್ಲದ ಕಾಲದಲ್ಲಿ ಊರಿನಿಂದ ಊರಿಗೆ ಇರುವ ದೂರವನ್ನು ಜನ ಹರದಾರಿಯಲ್ಲಿ, ಗಾವುದದಲ್ಲಿ ಲೆಕ್ಕ ಹಾಕುತ್ತಿದ್ದರು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದವೆಂದರೆ ಸುಮಾರು ಹನ್ನೆರಡು. ಎತ್ತಿನ ಬಂಡಿ ಒಂದು ದಿನದಲ್ಲಿ ಸುಸ್ತಾಗದೆ ಸಾಗುವ ದೂರ ಹೆಚ್ಚೆಂದರೆ ಒಂದು ಗಾವುದ. ತುಮಕೂರಿನಿಂದ ಹೊರಟ ಬಂಡಿ ಕೊರಟಗೆರೆ ತಲುಪುವುದರೊಳಗೆ ಒಂದು ಹಗಲು ಮುಗಿಯುತ್ತಿತ್ತು. ಅಲ್ಲಿಂದ ಮಧುಗಿರಿಗೆ ಇನ್ನೊಂದು ಹಗಲು. ಮಧುಗಿರಿಯಿಂದ ಪಾವಗಡಕ್ಕಾದರೆ ಮೂರು ದಿನಗಳ ಮಾತು. ನಮ್ಮ ಸಂತೆಯ ಊರುಗಳು, ಹೋಬಳಿ ಕೇಂದ್ರಗಳು ಎಷ್ಟೋ ಕಡೆ ಒಂದು ಹಗಲಿನ ಅಂತರದಲ್ಲಿರುವುದಕ್ಕೆ ಎತ್ತಿನ ಕಾಲಿನ ಶಕ್ತಿಯೂ ಒಂದು ಕಾರಣ. ಜಯಮಂಗಲಿ ನದಿಯ ಬಯಲಿನಲ್ಲಿರುವ ಪುರವರ, ಅದರಾಚೆಯ ಕೊಡಿಗೇನಹಳ್ಳಿ ಮುಂತಾದ ಊರುಗಳು ಹೀಗೆ ದಾರಿಯ ಮೇಲಿನ ಊರುಗಳೇ.

ಹೊತ್ತು ಮುಳುಗಿದಾಗ ಪ್ರಯಾಣಿಕ ಏನು ಮಾಡುತ್ತಿದ್ದ? ನೆಂಟರಿದ್ದರೆ ಅವರ ಮನೆ. ಇಲ್ಲದಿದ್ದರೆ ಊರ ಚಾವಡಿ, ಗುಡಿಯ ಮಂಟಪ, ಇಲ್ಲವೇ ಯಾರದಾದರೂ ಮನೆಯ ಜಗಲಿ. ಹಳೆಯ ಮನೆಗಳ ಮುಂದಿನ ಅಗಲವಾದ ಜಗಲಿ ಮನೆಯವರು ಹರಟೆ ಹೊಡೆಯುವುದಕ್ಕಷ್ಟೇ ಇದ್ದದ್ದಲ್ಲ. ಬಾಗಿಲಿನ ಹೊರಗೆ, ಆದರೆ ಸೂರಿನ ಒಳಗೆ, ಅಪರಿಚಿತನೊಬ್ಬ ಒಂದು ರಾತ್ರಿ ಮಲಗಿ ಹೋಗಲು ಮನೆ ಬಿಟ್ಟುಕೊಟ್ಟ ಜಾಗ ಅದು. ಬುತ್ತಿ ಕಟ್ಟಿಕೊಂಡು ಬಂದವನು ಅಲ್ಲೇ ಬಿಚ್ಚಿ ತಿಂದು, ಮನೆಯವರು ಕೊಟ್ಟ ಮಜ್ಜಿಗೆ ಕುಡಿದು, ಮೇಲುಹೊದಿಕೆ ಹೊದ್ದು ಮಲಗಿದರೆ ಕೋಳಿ ಕೂಗುವ ಹೊತ್ತಿಗೆ ಹೊರಟಾಗಿರುತ್ತಿತ್ತು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಧರ್ಮದ ಕಟ್ಟಡಗಳು. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ, ಪಾನಕ ಕೊಡುವ ಅರವಟ್ಟಿಗೆ. ಉಣ್ಣಲು, ತಂಗಲು ಛತ್ರ. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸಾಲುಮರ ನೆಡಿಸುವುದು, ಛತ್ರ ಇಡಿಸುವುದು ಪುಣ್ಯದ ಕೆಲಸಗಳೆಂದು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. 'ಸತ್ರ' ಎಂಬ ಸಂಸ್ಕೃತ ಮಾತಿಗೆ ಯಜ್ಞವೆಂಬ ಅರ್ಥವೂ ಇದೆ, ಬಂದವರಿಗೆ ಅನ್ನವಿಕ್ಕುವ ಜಾಗವೆಂಬ ಅರ್ಥವೂ ಇದೆ. ಛತ್ರದಲ್ಲಿ ಬಾಡಿಗೆ ಎಂಬ ಮಾತಿಲ್ಲ. ಅರಸನೋ ವರ್ತಕನೋ ಊರ ಗೌಡನೋ ಬಿಟ್ಟ ಜಮೀನಿನ ಹುಟ್ಟುವಳಿಯಿಂದ ಅದು ನಡೆಯಬೇಕು. ಜಮೀನು ಕೈಬಿಟ್ಟ ದಿನ ಛತ್ರದ ಒಲೆಯೂ ಆರುತ್ತಿತ್ತು.

ಪಕ್ಕದ ಶಿರಾದ ಕಥೆ ಇನ್ನೂ ದೊಡ್ಡದು. ರತ್ನಗಿರಿಯ ನಾಯಕರು ಆರಂಭಿಸಿದ ಆ ಊರು ಬಿಜಾಪುರದವರ ಕೈ ಸೇರಿ, 1687ರಲ್ಲಿ ಮೊಗಲರ ಪ್ರಾಂತ್ಯವೊಂದರ ರಾಜಧಾನಿಯಾಯಿತು. ದಿಲಾವರ್ ಖಾನನ ಆಡಳಿತದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂದು ಹೇಳಲಾಗಿದೆ. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಶಿರಾದ ಅರಮನೆಯೂ, ಲಾಲ್‌ಬಾಗಿಗೆ ಅಲ್ಲಿನ ಖಾನ್ ಬಾಗ್ ತೋಟವೂ ಮಾದರಿಯಾದವೆಂಬ ಮಾತಿದೆ. ಅಂಥ ಊರಿಗೆ ವರ್ತಕರು, ಸಿಪಾಯಿಗಳು, ಫಕೀರರು ನಾನಾ ದಿಕ್ಕಿನಿಂದ ಬರುತ್ತಿದ್ದುದು ಸಹಜ. ಅವರ ಜೊತೆ ಮಾತುಗಳೂ ಬಂದವು. ಸರಾಯಿ, ಮುಸಾಫಿರಖಾನೆ ಎಂಬ ಪದಗಳು ಕನ್ನಡಕ್ಕೆ ಸೇರಿದ್ದು ಇಂಥ ಸಂಪರ್ಕದಿಂದಲೇ. ಅರಬ್ಬಿಯಲ್ಲಿ ಮುಸಾಫಿರನೆಂದರೆ ಸಫರು ಹೊರಟವನು, ಅಂದರೆ ಪ್ರಯಾಣಿಕ. ಪಾರ್ಸಿಯಲ್ಲಿ ಖಾನೆ ಎಂದರೆ ಮನೆ.

ಡೇರೆಯಿಂದ ಬಂಗಲೆಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಆ ಪಯಣದಲ್ಲಿ ಆತ ಮಧುಗಿರಿ, ಶಿರಾಗಳ ಈ ಪ್ರದೇಶವನ್ನೂ ಹಾದು ಹೋದ. ಬೆಳೆ, ಮಣ್ಣು, ನೇಯ್ಗೆ, ಸಂತೆ ಎಲ್ಲವನ್ನೂ ಬರೆದುಕೊಂಡ ಆತನ ಮೂರು ಸಂಪುಟಗಳ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಂಪನಿಯ ಅಧಿಕಾರಿಗೆ ಛತ್ರದ ಹಂಗಿರಲಿಲ್ಲ. ಡೇರೆ, ಆಳುಕಾಳು, ಸಾಮಾನು ಹೊರುವ ಎತ್ತುಗಳು ಅಂಥವರ ಜೊತೆಯಲ್ಲೇ ಸಾಗುತ್ತಿದ್ದವು. ಸಂಜೆ ತೋಪಿನ ನೆರಳಲ್ಲಿ ಡೇರೆ ಎದ್ದರೆ ಅದೇ ಕಚೇರಿ, ಅದೇ ಮನೆ.

ಡೇರೆ ಮುಂದೆ ಕಟ್ಟಡವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಖ್ಯ ರಸ್ತೆಗಳ ಉದ್ದಕ್ಕೂ ಬಂಗಲೆಗಳು ತಲೆಯೆತ್ತಿದವು. ಬಂಗಾಳದ ಶೈಲಿಯ ಮನೆ ಎಂಬ ಅರ್ಥದಿಂದ ಬಂದ ಈ ಪದ, ಕೆಂಪು ಹೆಂಚು, ಅಗಲ ವರಾಂಡ, ಕಾಂಪೌಂಡಿನಲ್ಲಿ ಮರಗಳಿರುವ ಸರ್ಕಾರಿ ತಂಗುದಾಣಕ್ಕೆ ಅಂಟಿಕೊಂಡಿತು. ಜನರ ಬಾಯಲ್ಲಿ ಇವು ಟಿ.ಬಿ., ಐ.ಬಿ.; ಬೋರ್ಡಿನ ಮೇಲೆ ಪ್ರವಾಸಿ ಮಂದಿರ, ಪರಿವೀಕ್ಷಣಾ ಮಂದಿರ. ಹೆಸರಿನಲ್ಲಿ ಪ್ರವಾಸಿ ಇದ್ದರೂ ಬಾಗಿಲು ಮೊದಲು ತೆರೆಯುತ್ತಿದ್ದುದು ಅಮಲ್ದಾರರಿಗೆ, ಎಂಜಿನಿಯರುಗಳಿಗೆ, ಜಮಾಬಂದಿಗೆ ಬಂದ ಸಾಹೇಬರಿಗೆ. ಸಾಮಾನ್ಯರು ಛತ್ರವನ್ನೋ ಮುಸಾಫಿರಖಾನೆಯನ್ನೋ ಹುಡುಕಿಕೊಳ್ಳಬೇಕಿತ್ತು.

ಅಷ್ಟರಲ್ಲಿ ರೈಲು ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಯವರೆಗೆ, ಮುಂದೆ 1889ರಲ್ಲಿ ಹರಿಹರದವರೆಗೆ ಹಳಿ ಮುಟ್ಟಿತು. 1890ರ ದಶಕದಲ್ಲಿ ಇನ್ನೊಂದು ಮಾರ್ಗ ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಹೋಯಿತು. ಮಧುಗಿರಿ ಎರಡರ ನಡುವೆ, ಎರಡಕ್ಕೂ ಸಿಗದೆ ಉಳಿಯಿತು. ತುಮಕೂರು–ರಾಯದುರ್ಗ ಹೊಸ ಮಾರ್ಗ ಮಧುಗಿರಿಯನ್ನು ಹಾದುಹೋಗುವಂತೆ ಯೋಜನೆಯಾದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ.

ರೈಲು ಛತ್ರದ ಸ್ವರೂಪವನ್ನೇ ಬದಲಿಸಿತು. ಹೆದ್ದಾರಿಯ ಛತ್ರಗಳು ಸೊರಗಿ, ಸ್ಟೇಷನ್ನಿನ ಎದುರಿನ ಛತ್ರಗಳು ಬೆಳೆದವು. ಇದಕ್ಕೆ ನಾಡಿನಲ್ಲಿ ಅತ್ಯಂತ ಹೆಸರಾದ ಉದಾಹರಣೆ ಇದೇ ಜಿಲ್ಲೆಯ ಮನುಷ್ಯನದು. ಗುಬ್ಬಿಯಲ್ಲಿ 1838ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಮುಂದೆ ಬಂದ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಜಾಗ ಕೊಂಡು ಛತ್ರ ಕಟ್ಟಿಸಿದರು. ಹಳ್ಳಿಗಳಿಂದ ರಾಜಧಾನಿಗೆ ಬಂದು ರಾತ್ರಿ ದಿಕ್ಕು ತೋಚದೆ ನಿಂತವರಿಗೆ ಅದು ಆಸರೆಯಾಯಿತು. ಜೊತೆಯಲ್ಲೇ ವಿದ್ಯಾರ್ಥಿಗಳಿಗೆ ಉಚಿತ ವಸತಿಯನ್ನೂ ಅವರು ಏರ್ಪಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ಧರ್ಮಪ್ರವರ್ತ' ಎಂಬ ಬಿರುದು ಕೊಟ್ಟರು. 1910ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಹೆಸರಿನ ಛತ್ರ ಬೆಂಗಳೂರಿನಲ್ಲಿ ಉಳಿದಿದೆ.

ಎಲ್ಲರಿಗೂ ತೆರೆಯದ ಬಾಗಿಲು

ಜಗಲಿ, ಛತ್ರ, ಅರವಟ್ಟಿಗೆಗಳ ಬಗ್ಗೆ ಮಾತಾಡುವಾಗ ಹಿಂದಿನವರ ಔದಾರ್ಯವನ್ನು ಕೊಂಡಾಡುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಜಗಲಿಯ ಮೇಲೆ ಮಲಗಲು ಬಿಡುವ ಮುನ್ನ ಮನೆಯಾತ ಕೇಳುತ್ತಿದ್ದ ಮೊದಲ ಪ್ರಶ್ನೆ 'ಯಾವ ಜನ?' ಎಂಬುದು. ಎಷ್ಟೋ ಛತ್ರಗಳು ಒಂದೊಂದು ಜಾತಿಯವರಿಗಾಗಿಯೇ ಇದ್ದವು. ಊಟದ ಪಂಕ್ತಿ ಬೇರೆ, ನೀರಿನ ಪಾತ್ರೆ ಬೇರೆ. ಅಸ್ಪೃಶ್ಯರೆನಿಸಿಕೊಂಡವರಿಗೆ ಅರವಟ್ಟಿಗೆಯಲ್ಲೂ ದೂರದಿಂದ ಬೊಗಸೆಗೆ ನೀರು ಹುಯ್ಯುತ್ತಿದ್ದರೇ ಹೊರತು ಪಾತ್ರೆ ಕೈಗೆ ಕೊಡುತ್ತಿರಲಿಲ್ಲ. ಅಂಥವನಿಗೆ ಊರಿನ ದಾರಿ ಎಷ್ಟು ಉದ್ದವೆಂಬುದು ಹರದಾರಿಯ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಡಾ. ಬಿ. ಆರ್. ಅಂಬೇಡ್ಕರ್ ತಮ್ಮ ಬದುಕಿನ ಇಂಥ ಪ್ರಸಂಗಗಳನ್ನೇ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಊರಿನಲ್ಲಿ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹವೊಂದರಲ್ಲಿ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಗುಟ್ಟು ಬಯಲಾಗಿ, ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಕೈಯಲ್ಲಿ ವಿದೇಶದ ಪದವಿಯಿತ್ತು, ಸರ್ಕಾರಿ ನೌಕರಿಯಿತ್ತು, ಕೊಡಲು ಬಾಡಿಗೆಯೂ ಇತ್ತು. ರಿಜಿಸ್ಟರಿನ ಒಂದು ಕಾಲಮ್ಮಿನಲ್ಲಿ ನಿಜ ಬರೆಯುವ ಹಾಗಿರಲಿಲ್ಲ, ಅಷ್ಟೆ. 1934ರಲ್ಲಿ ಗೆಳೆಯರೊಂದಿಗೆ ದೌಲತಾಬಾದಿನ ಬೆಟ್ಟದ ಕೋಟೆ ನೋಡಲು ಹೋದಾಗಲೂ, ಬಾಗಿಲ ಬಳಿಯ ಕೊಳದಲ್ಲಿ ಮುಖ ತೊಳೆದದ್ದಕ್ಕೆ ಜನ ಅವರ ಮೇಲೆ ತಿರುಗಿಬಿದ್ದರು. ಕೋಟೆ ನೋಡಲು ಹೋಗುವುದು, ದಾರಿಯಲ್ಲಿ ನೀರು ಮುಟ್ಟುವುದು, ರಾತ್ರಿ ತಂಗುವುದು ಇವೆಲ್ಲ ಕೆಲವರಿಗೆ ಮಾತ್ರ ಸರಳವಾದ ಸಂಗತಿಗಳಾಗಿದ್ದವು.

ಆದ್ದರಿಂದಲೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿಯೇ ಅಲ್ಲಿ ಭೇದ ಸಲ್ಲದೆಂದು ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಗಿ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರನ್ನೂ, ಅಲ್ಲಿ ಬಳಕೆಗಿಟ್ಟ ಪಾತ್ರೆಗಳನ್ನೂ ಎತ್ತಿ ಹೇಳಿತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾಯಿತು. ಪಾತ್ರೆಯ ಮಾತು ಕಾನೂನಿನೊಳಗೆ ಬರಬೇಕಾಯಿತೆಂದರೆ ಅದರ ಹಿಂದಿನ ಅನುಭವ ಎಂಥದೆಂದು ಊಹಿಸಬಹುದು.

ಹೋಟೆಲು ಬೇರೆ, ಲಾಡ್ಜು ಬೇರೆ

ಕನ್ನಡದಲ್ಲಿ 'ಹೋಟೆಲಿಗೆ ಹೋಗಿದ್ದೆ' ಎಂದರೆ ತಿಂಡಿ ತಿನ್ನಲು ಹೋಗಿದ್ದೆ ಎಂದೇ ಅರ್ಥ. ಮಲಗಲು ಹೋಗುವ ಜಾಗ ಲಾಡ್ಜು. ಎರಡೂ ಒಂದೇ ಸೂರಿನಡಿ ಇದ್ದರೆ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಉದ್ದನೆಯ ಬೋರ್ಡು. ಪಶ್ಚಿಮದ ದೇಶಗಳಲ್ಲಿ ತಂಗುವ ಮನೆಗೆ ಇರುವ ಹೆಸರು ನಮ್ಮಲ್ಲಿ ದೋಸೆಯ ಮನೆಗೆ ಬಂದದ್ದೇಕೆ? ಇಲ್ಲಿ ಹಣ ಕೊಟ್ಟು ಉಣ್ಣುವ ಅಭ್ಯಾಸ ಮೊದಲು ಬಂತು, ಹಣ ಕೊಟ್ಟು ಮಲಗುವ ಅಭ್ಯಾಸ ಆಮೇಲೆ ಬಂತು ಎಂಬುದು ಇದಕ್ಕೆ ಒಂದು ವಿವರಣೆಯಾದೀತು.

ಅನ್ನವನ್ನು ಮಾರುವುದು ಪಾಪವೆಂದು ನಂಬಿದ್ದ ಸಮಾಜದಲ್ಲಿ ಮೊದಲ ಹೋಟೆಲುಗಳು ಜಾತಿಯ ಭರವಸೆ ಕೊಟ್ಟೇ ಗಿರಾಕಿಗಳನ್ನು ಕರೆಯಬೇಕಾಯಿತು. ಬೆಂಗಳೂರಿನ ಪ್ರಸಿದ್ಧ ಎಂ.ಟಿ.ಆರ್. ಕೂಡ 1924ರಲ್ಲಿ ಆರಂಭವಾದದ್ದು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಿಂದಲೇ. ಮುಂದೆ ದಕ್ಷಿಣ ಕನ್ನಡದಿಂದ ಬಂದವರು ಊರೂರಿನಲ್ಲೂ ಉಡುಪಿ ಹೋಟೆಲು ತೆರೆದರು. ಮಾಂಸದೂಟಕ್ಕೆ ಮಿಲಿಟರಿ ಹೋಟೆಲುಗಳು ಬಂದವು. ಒಂದೇ ಬೆಂಚಿನ ಮೇಲೆ ಯಾರೋ ಯಾರ ಪಕ್ಕದಲ್ಲೋ ಕುಳಿತು ಕಾಫಿ ಹೀರುವುದು ರೂಢಿಯಾಯಿತು. ಎಷ್ಟೋ ಕಡೆ ಹೋಟೆಲಿನ ಮೇಲಂತಸ್ತೇ ಮುಂದೆ ಲಾಡ್ಜಾಯಿತು.

ಲಾಡ್ಜನ್ನು ನಿಜವಾಗಿ ಹುಟ್ಟಿಸಿದ್ದು ಬಸ್ಸು. ಖಾಸಗಿ ಬಸ್ಸುಗಳ ಜೊತೆಗೆ, 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯೂ ಓಡಾಟ ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ತಾಲ್ಲೂಕು ಕಚೇರಿ, ಕೋರ್ಟು, ಉಪವಿಭಾಗಾಧಿಕಾರಿಗಳ ಕಚೇರಿಗಳಿರುವ ಊರಿಗೆ ಕೆಲಸಕ್ಕೆಂದು ಬಂದವರು ಕೊನೆಯ ಬಸ್ಸು ತಪ್ಪಿಸಿಕೊಂಡರೆ ಉಳಿಯಲೇಬೇಕು. ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೂ ಮಧುಗಿರಿಯೇ ಉಪವಿಭಾಗದ ಕೇಂದ್ರ. ಹೀಗಾಗಿ ಇಲ್ಲಿನ ಲಾಡ್ಜುಗಳ ರಿಜಿಸ್ಟರಿನಲ್ಲಿ ಬೆಟ್ಟ ನೋಡಲು ಬಂದವರಿಗಿಂತ ಹೆಚ್ಚಾಗಿ ಕಾಣಬರುವವರು ವ್ಯಾಜ್ಯದ ವಾಯಿದೆಗೆ ಬಂದ ರೈತರು, ಹುಣಸೆಹಣ್ಣು, ಕಡಲೆಕಾಯಿ ವ್ಯಾಪಾರಿಗಳು, ಔಷಧ ಕಂಪನಿಗಳ ಪ್ರತಿನಿಧಿಗಳು, ಮದುವೆಗೆ ಬಂದ ಬೀಗರು, ದಂಡಿನ ಮಾರಮ್ಮನ ಜಾತ್ರೆಗೆ ಬಂದ ಒಕ್ಕಲಿನವರು. ಪಾವಗಡಕ್ಕೆ ಶನಿಮಹಾತ್ಮನ ಭಕ್ತರು ಬರುತ್ತಾರೆ. 2018ರಲ್ಲಿ ಉದ್ಘಾಟನೆಯಾದ ಅಲ್ಲಿನ ಸೌರ ವಿದ್ಯುತ್ ಪಾರ್ಕಿನಿಂದಾಗಿ ಹೊರರಾಜ್ಯಗಳ ಕೆಲಸಗಾರರೂ ಅತ್ತ ಬಂದರು.

ಛತ್ರ ಕೇಳುತ್ತಿದ್ದ 'ಯಾವ ಜನ?' ಎಂಬ ಪ್ರಶ್ನೆಯನ್ನು ಲಾಡ್ಜು ಕೇಳುವುದಿಲ್ಲ. ಅದು ಕೇಳುವುದು ಮುಂಗಡ ಹಣವನ್ನು, ಈಗೀಗ ಗುರುತಿನ ಚೀಟಿಯ ಪ್ರತಿಯನ್ನು. ಧರ್ಮ ಹೋಗಿ ವ್ಯಾಪಾರ ಬಂತೆಂದು ಮರುಗುವವರು ಈ ಲಾಭವನ್ನೂ ಎಣಿಸಬೇಕು. ಧರ್ಮದ ಮನೆ ಅನ್ನವನ್ನು ಬಿಟ್ಟಿ ಕೊಟ್ಟು ಜಾತಿ ಕೇಳಿತು. ಬಾಡಿಗೆಯ ಮನೆ ಹಣ ಕೇಳಿ ಜಾತಿಯನ್ನು ಬದಿಗಿಟ್ಟಿತು. ಆದರೂ ಬಾಗಿಲು ಪೂರ್ತಿ ತೆರೆದಿದೆ ಎನ್ನುವಂತಿಲ್ಲ. ಒಂಟಿ ಹೆಣ್ಣುಮಗಳು ರಾತ್ರಿ ಸಣ್ಣ ಊರಿನ ಲಾಡ್ಜಿನ ಮೆಟ್ಟಿಲು ಹತ್ತಿದರೆ ರಿಜಿಸ್ಟರಿನಲ್ಲಿಲ್ಲದ ಪ್ರಶ್ನೆಗಳನ್ನು ಇಂದಿಗೂ ಎದುರಿಸಬೇಕಾಗುತ್ತದೆ.

ಇಟಲಿಯ ಬೆಟ್ಟದ ಊರುಗಳು

ಬೆಟ್ಟ, ಕೋಟೆ, ಬುಡದಲ್ಲೊಂದು ದಾರಿ, ದಾರಿಯ ಮೇಲೊಂದು ತಂಗುಮನೆ: ಈ ಜೋಡಣೆ ನಮ್ಮದಷ್ಟೇ ಅಲ್ಲ. ಮಧ್ಯ ಇಟಲಿಯ ಬೆಟ್ಟದ ಊರುಗಳು ಇದಕ್ಕೆ ಜಗತ್ಪ್ರಸಿದ್ಧ. ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ರೋಮಿಗೆ ಹೋಗುತ್ತಿದ್ದ ಯಾತ್ರಿಕರ ದಾರಿ ಆ ಬೆಟ್ಟಗಳ ನಡುವೆ ಹಾದುಹೋಗುತ್ತಿತ್ತು. 990ರ ಸುಮಾರಿನಲ್ಲಿ ಸಿಗೆರಿಕ್ ಎಂಬ ಆರ್ಚ್‌ಬಿಷಪ್ ರೋಮಿನಿಂದ ಮರಳುವಾಗ ಎಲ್ಲೆಲ್ಲಿ ತಂಗಿದನೆಂಬ ಪಟ್ಟಿ ಉಳಿದುಬಂದಿದೆ. ನಮ್ಮ ಗಾವುದದ ಹಾಗೆ ಅದೂ ಒಂದೊಂದು ದಿನದ ನಡಿಗೆಯ ಲೆಕ್ಕವೇ. ಆ ದಾರಿಯ ಮೇಲಿನ ಸಾನ್ ಜಿಮಿನ್ಯಾನೊ ಎಂಬ ಪುಟ್ಟ ಊರಿನಲ್ಲಿ ಸಿರಿವಂತ ಮನೆತನಗಳು ಪೈಪೋಟಿಯಿಂದ ಕಟ್ಟಿದ ಕಲ್ಲಿನ ಗೋಪುರಗಳಲ್ಲಿ ಹದಿನಾಲ್ಕು ಇಂದಿಗೂ ನಿಂತಿವೆ. 1990ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಮೀಪದ ಸಿಯೆನಾ ನಗರದಲ್ಲಿ ಯಾತ್ರಿಕರಿಗಾಗಿ, ಅನಾಥ ಮಕ್ಕಳಿಗಾಗಿ, ರೋಗಿಗಳಿಗಾಗಿ ಶತಮಾನಗಳ ಕಾಲ ನಡೆದ ಸಾಂತಾ ಮರಿಯಾ ದೆಲ್ಲಾ ಸ್ಕಾಲಾ ಎಂಬ ಭಾರಿ ಧರ್ಮಶಾಲೆ ಈಗ ವಸ್ತುಸಂಗ್ರಹಾಲಯವಾಗಿದೆ.

ಅತಿಥಿ ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಮೂರೂ ಹುಟ್ಟಿವೆ ಎಂಬುದಕ್ಕೆ ಆ ಕಟ್ಟಡವೇ ಸಾಕ್ಷಿಯಂತಿದೆ. ಹಾಸ್ಪಿಟಲ್ ಕನ್ನಡಿಗರ ಬಾಯಲ್ಲಿ ಆಸ್ಪತ್ರೆಯಾಯಿತು. ಹಾಗೆ ನೋಡಿದರೆ ತಾಲ್ಲೂಕು ಆಸ್ಪತ್ರೆಯೂ ಅದರ ಎದುರಿನ ಇಡ್ಲಿ ಹೋಟೆಲೂ ಹೆಸರಿನ ಮಟ್ಟಿಗೆ ಒಡಹುಟ್ಟಿದವು.

ಆ ಬೆಟ್ಟದ ಊರುಗಳಿಗೂ ಕಷ್ಟಕಾಲ ಬಂದಿತ್ತು. ಎರಡನೆಯ ಮಹಾಯುದ್ಧದ ನಂತರ ಯುವಕರು ಕೆಲಸ ಹುಡುಕಿ ನಗರಗಳಿಗೆ ಹೋದರು. ಮನೆಗಳಿಗೆ ಬೀಗ ಬಿತ್ತು. 1976ರಲ್ಲಿ ಈಶಾನ್ಯ ಇಟಲಿಯ ಫ್ರಿಯುಲಿ ಪ್ರದೇಶದಲ್ಲಿ ಭೂಕಂಪವಾದ ಮೇಲೆ, ದುರಸ್ತಿ ಮಾಡಿದ ಖಾಲಿ ಮನೆಗಳನ್ನು ಏನು ಮಾಡುವುದೆಂಬ ಪ್ರಶ್ನೆಯೆದ್ದಿತು. ಆಗ 1980ರ ದಶಕದಲ್ಲಿ ರೂಪುಗೊಂಡ ಯೋಚನೆಯೇ 'ಹರಡಿದ ಹೋಟೆಲು'. ಹೊಸ ಕಟ್ಟಡ ಕಟ್ಟುವ ಬದಲು ಊರಿನ ಹಳೆಯ ಮನೆಗಳಲ್ಲೇ ಒಂದೊಂದು ಕೋಣೆ ಅತಿಥಿಗಳಿಗೆ. ಒಂದು ಮನೆಯಲ್ಲಿ ಕೌಂಟರು, ಇನ್ನೊಂದರಲ್ಲಿ ಊಟ, ಮತ್ತೆಲ್ಲೋ ಮಲಗುವ ಕೋಣೆ.

ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವವರು

ಈ ಮಾತು ಮಧುಗಿರಿಗೆ ಏಕೆ ಮುಖ್ಯವೆಂದರೆ, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿರುವ ಈ ಬೆಟ್ಟಕ್ಕೆ ಶನಿವಾರ, ಭಾನುವಾರ ಚಾರಣಿಗರು ಬರುತ್ತಾರೆ. ನಸುಕಿನಲ್ಲಿ ಹೊರಟು, ಕಬ್ಬಿಣದ ಕಂಬಿ ಹಿಡಿದು ಬಂಡೆ ಹತ್ತಿ, ಫೋಟೋ ತೆಗೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಹಿಂದಿರುಗುತ್ತಾರೆ. ಬುಡದ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳನ್ನು ಕಂಡವರು ಕಡಿಮೆ. ಮಿಡಿಗೇಶಿಯ ಬೆಟ್ಟ, ಚನ್ನರಾಯನದುರ್ಗ, ಪಾವಗಡದ ಕೋಟೆ, ಶಿರಾದ ಮಲಿಕ್ ರಿಹಾನನ ಗೋರಿ, ಕೃಷ್ಣಮೃಗಗಳಿಗಾಗಿ 2007ರಲ್ಲಿ ಸಂರಕ್ಷಿತ ಪ್ರದೇಶವಾದ ಮೈದನಹಳ್ಳಿಯ ಹುಲ್ಲುಗಾವಲು, ಇವುಗಳನ್ನೆಲ್ಲ ನೋಡಬೇಕಾದರೆ ಎರಡು ಮೂರು ರಾತ್ರಿ ಈ ಸೀಮೆಯಲ್ಲೇ ಉಳಿಯಬೇಕು. ಬೆಟ್ಟಕ್ಕೆ ರೋಪ್‌ವೇ ಹಾಕಬೇಕೆಂಬ ಬೇಡಿಕೆ ಅನೇಕ ವರ್ಷಗಳಿಂದ ಕೇಳಿಬರುತ್ತಿದೆ. ಮೇಲಕ್ಕೆ ಬೇಗ ಹೋಗುವವರು ಊರಿನಿಂದಲೂ ಬೇಗ ಹೋಗಿಬಿಟ್ಟರೆ ಬುಡದ ಅಂಗಡಿಯವನಿಗೆ ಉಳಿಯುವುದು ನೀರಿನ ಬಾಟಲಿ ಮಾರಿದ ಲಾಭ ಮಾತ್ರ.

ಅತ್ತ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರಿಗೆ ಹೋದವರ ಮನೆಗಳಿಗೆ ಬೀಗ ಬಿದ್ದಿದೆ. ಕಲ್ಲುಚಪ್ಪಡಿಯ, ಮಣ್ಣಿನ ಮಾಳಿಗೆಯ, ನಡುವೆ ತೊಟ್ಟಿಯಿರುವ, ಮುಂದೆ ಜಗಲಿಯಿರುವ ಮನೆಗಳು ಒಂದೊಂದಾಗಿ ಕುಸಿಯುತ್ತಿವೆ. ಇಟಲಿಯವರು ಮಾಡಿದ್ದನ್ನೇ ಇಲ್ಲಿ ಮಾಡಬೇಕೆಂದಲ್ಲ. ಅಲ್ಲಿಯೂ ಪ್ರವಾಸಿಗರ ನೂಕುನುಗ್ಗಲಿನಿಂದ ಊರಿನವರೇ ಊರು ಬಿಟ್ಟ ಉದಾಹರಣೆಗಳಿವೆ. ಆದರೆ ಕೊಡಗು, ಚಿಕ್ಕಮಗಳೂರುಗಳಲ್ಲಿ ತೋಟದ ಮನೆಗಳು ಹೋಂಸ್ಟೇಗಳಾಗಿ ದುಡಿಯುವಾಗ, ಪುರವರದಂಥ ಹೋಬಳಿಯ ಗಟ್ಟಿಮುಟ್ಟಾದ ಹಳೆಯ ಮನೆಯೊಂದು ಹಾಗೇಕೆ ದುಡಿಯಬಾರದು? ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಜಗಲಿಯ ಮೇಲಿನ ಗಾಳಿ, ದೂರದಲ್ಲಿ ಕಾಣುವ ಬೆಟ್ಟ ಇವುಗಳಿಗೆ ಬೆಲೆ ಕೊಡುವವರು ನಗರದಲ್ಲಿ ಇದ್ದಾರೆ. ಮನೆಯ ಯಜಮಾನಿಗೆ ನಾಲ್ಕು ಕಾಸು ಬಂದರೆ ಮಾಳಿಗೆಯ ದುರಸ್ತಿಯೂ ಆದೀತು. ಒಂದೇ ಷರತ್ತು: ಜಗಲಿಯ ಹಳೆಯ ಔದಾರ್ಯ ಮರಳಿ ಬರಲಿ, ಅದರ ಹಳೆಯ ಪ್ರಶ್ನೆ ಬಾರದಿರಲಿ.

ಬೆಳಗಿನ ಐದಕ್ಕೆ ಲಾಡ್ಜಿನ ಹುಡುಗ ಬಾಗಿಲು ತಟ್ಟಿ ಕಾಫಿ ಬೇಕೇ ಎಂದು ಕೇಳುತ್ತಾನೆ. ಕಿಟಕಿಯಾಚೆ ಬೆಟ್ಟ ಇನ್ನೂ ಕಪ್ಪಗೆ ನಿಂತಿರುತ್ತದೆ. ನೋಡುತ್ತಿರುವಂತೆಯೇ ತುದಿಯ ಕೋಟೆಗೋಡೆಗೆ ಮೊದಲ ಬಿಸಿಲು ತಗಲುತ್ತದೆ. ವೀರಮ್ಮಾಜಿ ನಾಲ್ಕು ವರ್ಷ ಆ ಗೋಡೆಯ ಒಳಗಿನಿಂದ ಈ ಬಯಲನ್ನು ನೋಡಿದ್ದಳು. ಕೆಳಗಿನ ಕೊಠಡಿಯಲ್ಲಿ ರಾತ್ರಿ ಕಳೆದವರಾದರೋ ಬೀಗದ ಕೈ ಕೌಂಟರಿನ ಮೇಲಿಟ್ಟು ತಮಗೆ ಬೇಕಾದ ಬಸ್ಸು ಹತ್ತಬಹುದು. ಬಂದ ಕೆಲಸವೇನೆಂದು ಕೇಳುವ ಕಾಲಮ್ಮಿನಲ್ಲಿ 'ಸ್ವಂತ ಕೆಲಸ' ಎಂದಷ್ಟೇ ಬರೆದು, ಬೇರೇನೂ ಹೇಳದೆ ಒಂದು ರಾತ್ರಿ ನಿಶ್ಚಿಂತೆಯಿಂದ ಮಲಗಿ ಹೋಗುವ ಈ ಸ್ವಾತಂತ್ರ್ಯಕ್ಕೆ ಈ ದಾರಿಯಲ್ಲಿ ನಡೆದ ಎಷ್ಟೋ ಜನ ಬಹಳ ಕಾಲ ಕಾದಿದ್ದರು.